ಎತ್ತಿಟ್ಟ ರಕ್ತ ಕೊಟ್ಟ ಉತ್ತರ: ಹೆಪಟೈಟಿಸ್ ವೈರಸ್‌ಗಳು ಒಂದೊಂದಾಗಿ ಸಿಕ್ಕಿದ್ದು ಹೇಗೆ?

ಕಣ್ಣು ಹಳದಿ, ಮೂತ್ರ ಹಳದಿ, ಊಟ ಸೇರಲ್ಲ, ಮೈಯೆಲ್ಲ ಸುಸ್ತು. ಕಾಮಾಲೆ ಅಂದ್ರೆ ಇಷ್ಟು ಎಲ್ಲರಿಗೂ ಗೊತ್ತು. ಆದರೆ ಲಿವರ್‌ಗೆ ಹೀಗೆ ಊತ (ಅದೇ ಹೆಪಟೈಟಿಸ್) ತರುವ ಮುಖ್ಯ ವೈರಸ್‌ಗಳು ಐದು ಇವೆ: ಎ, ಬಿ, ಸಿ, ಡಿ ಮತ್ತು ಇ. ಹೆಸರು ಸಾಲಾಗಿದೆ ಅಂತ ಒಂದೇ ಮನೆತನದವು ಅಂದುಕೊಳ್ಳಬೇಡಿ. ಇವು ಒಂದಕ್ಕೊಂದು ಸಂಬಂಧವೇ ಇಲ್ಲದ ವೈರಸ್‌ಗಳು. ಎ ಮತ್ತು ಇ ಹೆಚ್ಚಾಗಿ ಕೊಳಕು ನೀರು, ಆಹಾರದಿಂದ ಬರುತ್ತವೆ. ಬಿ, ಸಿ, ಡಿ ಹರಡುವುದು ರಕ್ತದ ಮೂಲಕ. ಬಿ ತಾಯಿಯಿಂದ ಮಗುವಿಗೂ ದಾಟುತ್ತದೆ, ಲೈಂಗಿಕ ಸಂಪರ್ಕದಿಂದಲೂ ಬರುತ್ತದೆ.

ಇವನ್ನು ಬೇರೆ ಬೇರೆ ಅಂತ ಗುರುತಿಸೋಕೆ ಸುಮಾರು ನೂರು ವರ್ಷ ಹಿಡಿಯಿತು. ಲ್ಯಾಬಿನಲ್ಲಿ ಬೆಳೆಸೋಣ ಅಂದರೆ ಇವು ಸುಲಭಕ್ಕೆ ಬೆಳೆಯುತ್ತಿರಲಿಲ್ಲ. ಹಾಗಿದ್ದರೂ ದಾರಿ ಸಿಕ್ಕಿದ್ದು ಹೇಗೆ? ಈ ಇತಿಹಾಸ ಓದಿದಷ್ಟೂ ನನಗೆ ಎದ್ದು ಕಾಣುವುದು ಒಂದೇ ವಿಷಯ. ಯಾರೋ ಒಬ್ಬರು ರಕ್ತದ ಸ್ಯಾಂಪಲ್ ತೆಗೆದು, ಹೆಸರು ತಾರೀಖು ಬರೆದು, ಜೋಪಾನವಾಗಿ ಫ್ರೀಜರ್‌ನಲ್ಲಿ ಇಟ್ಟಿದ್ದರು. ಮುಂದೆ ಯಾವಾಗಲೋ ಹೊಸ ಪರೀಕ್ಷೆ ಬಂದಾಗ ಆ ರಕ್ತ ಉತ್ತರ ಕೊಟ್ಟಿತು.

ಮೊದಲ ಸುಳಿವು ಸಿಕ್ಕಿದ್ದು ಚುಚ್ಚುವ ಸೂಜಿಯಿಂದಲೇ. 1883ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ಹಡಗು ಕಟ್ಟುವ ಕೆಲಸಗಾರರಿಗೆ ಸಿಡುಬಿನ ಲಸಿಕೆ ಹಾಕಿದರು. ಆ ಲಸಿಕೆಯನ್ನು ಮನುಷ್ಯರ ಮೈಯಿಂದ ತೆಗೆದ ದ್ರವದಿಂದ ಮಾಡಿದ್ದರು. ಲಸಿಕೆ ಹಾಕಿಸಿಕೊಂಡ 1,289 ಜನರಲ್ಲಿ 191 ಜನರಿಗೆ ಮುಂದಿನ ತಿಂಗಳುಗಳಲ್ಲಿ ಕಾಮಾಲೆ ಬಂತು. ಅದೇ ಜಾಗದಲ್ಲಿ ಕೆಲಸ ಮಾಡುತ್ತಿದ್ದು, ಆ ಲಸಿಕೆ ಹಾಕಿಸಿಕೊಳ್ಳದವರಿಗೆ ಬರಲಿಲ್ಲ. ಇದನ್ನು ದಾಖಲಿಸಿದ್ದು ಲ್ಯೂರ್ಮನ್ ಎಂಬ ವೈದ್ಯ. ಲೆಕ್ಕ ಸ್ಪಷ್ಟವಾಗಿತ್ತು. ಆದರೂ ಆ ಪಾಠ ಬೇಗ ಮರೆತುಹೋಯಿತು.

1942ರಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರಿಗೆ ಹಳದಿ ಜ್ವರದ ಲಸಿಕೆ ಹಾಕಿಸಿತು. ಲಸಿಕೆ ಕೆಡದಿರಲಿ ಅಂತ ಅದಕ್ಕೆ ಮನುಷ್ಯರ ರಕ್ತದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೆರೆಸಿದ್ದರು. ಸುಮಾರು 50,000 ಸೈನಿಕರು ಕಾಮಾಲೆಯಿಂದ ಆಸ್ಪತ್ರೆ ಸೇರಿದರು. ಅದು ಯಾವ ವೈರಸ್ ಅಂತ ಆಗ ಯಾರಿಗೂ ಹೇಳಲು ಆಗಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಆ ಮಾಜಿ ಸೈನಿಕರನ್ನು ಹುಡುಕಿ ರಕ್ತ ಪರೀಕ್ಷೆ ಮಾಡಿದರು. ಆಗ ಕಾಯಿಲೆ ಬಿದ್ದವರಲ್ಲಿ ಬಹುತೇಕ ಎಲ್ಲರ ರಕ್ತದಲ್ಲೂ ಹೆಪಟೈಟಿಸ್ ಬಿ ವಿರುದ್ಧದ ಪ್ರತಿಕಾಯಗಳು (ಸೋಂಕಿನ ವಿರುದ್ಧ ಮೈ ತಯಾರಿಸುವ ಪ್ರೊಟೀನ್‌ಗಳು) ಸಿಕ್ಕವು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಬ್ರಿಟನ್ನಿನ ಮ್ಯಾಕ್‌ಕಲಮ್ ಎರಡು ಹೆಸರು ಸೂಚಿಸಿದರು. ಬಾಯಿಯ ಮೂಲಕ ಹರಡುವುದು ಎ, ರಕ್ತದ ಮೂಲಕ ಹರಡುವುದು ಬಿ. ಇದಕ್ಕೆ ಪುರಾವೆ ಹುಡುಕುವಾಗ ನಡೆದ ಒಂದು ಅಧ್ಯಾಯವನ್ನು ಮುಚ್ಚಿಟ್ಟು ಮುಂದೆ ಹೋಗುವುದು ಸರಿಯಲ್ಲ. ನ್ಯೂಯಾರ್ಕಿನ ವಿಲೋಬ್ರೂಕ್ ಎಂಬ ಸಂಸ್ಥೆಯಲ್ಲಿ ಬುದ್ಧಿಮಾಂದ್ಯ ಮಕ್ಕಳಿದ್ದರು. ಜಾಗ ಕಿಕ್ಕಿರಿದು ತುಂಬಿತ್ತು, ಹೆಪಟೈಟಿಸ್ ಸದಾ ಇರುತ್ತಿತ್ತು. 1950ರ ದಶಕದಿಂದ ಸಾಲ್ ಕ್ರುಗ್ಮನ್ ತಂಡ ಅಲ್ಲಿನ ಕೆಲವು ಮಕ್ಕಳಿಗೆ ಬೇಕೆಂದೇ ಸೋಂಕು ತಗುಲಿಸಿತು. ‘ಹೇಗಿದ್ದರೂ ಅವರಿಗೆ ಬರುವುದೇ ಇತ್ತು, ತಂದೆತಾಯಿಯ ಒಪ್ಪಿಗೆಯೂ ಇತ್ತು’ ಎಂಬುದು ಅವರ ಸಮರ್ಥನೆ. ಎರಡು ಬಗೆಯ ಹೆಪಟೈಟಿಸ್ ಇದೆ ಅಂತ ಅಲ್ಲಿ ಖಚಿತವಾಯಿತು, ನಿಜ. ಆದರೆ ತಮಗೇನಾಗುತ್ತಿದೆ ಅಂತ ಕೇಳಲೂ ಆಗದ ಮಕ್ಕಳು ಅವರು. ಬರುವ ಕಾಯಿಲೆಯನ್ನು ತಡೆಯುವುದು ವೈದ್ಯರ ಕೆಲಸ, ಅದನ್ನು ಬಳಸಿಕೊಳ್ಳುವುದಲ್ಲ. ಸಂಶೋಧನೆಗೆ ಒಪ್ಪಿಗೆ ಪಡೆಯುವ ನಿಯಮಗಳು ಬಿಗಿಯಾಗಲು ಈ ಪ್ರಕರಣವೂ ಒಂದು ಕಾರಣ.

ಬಿ ವೈರಸ್ ಸಿಕ್ಕಿದ್ದು ಅದನ್ನು ಹುಡುಕದೇ ಇದ್ದವರಿಗೆ. ಅಮೆರಿಕದ ವಿಜ್ಞಾನಿ ಬಾರೂಕ್ ಬ್ಲಂಬರ್ಗ್‌ಗೆ ಬೇಕಿದ್ದದ್ದು ಬೇರೆಯೇ. ಒಂದೇ ಕಾಯಿಲೆ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರಲ್ಲ, ಯಾಕೆ? ಇದಕ್ಕಾಗಿ ಅವರು ಪ್ರಪಂಚದ ಮೂಲೆಮೂಲೆಯ ಜನರ ರಕ್ತ ಕೂಡಿಹಾಕಿದ್ದರು. ಹಾರ್ವೆ ಆಲ್ಟರ್ ಅವರ ಜೊತೆಗಿದ್ದರು. ಅವರ ಪರೀಕ್ಷೆ ಬಲು ಸರಳ. ಗಾಜಿನ ಪಟ್ಟಿಯ ಮೇಲೆ ಅಗರ್ ಜೆಲ್ಲಿ ಹರಡಿ, ಅದರಲ್ಲಿ ಪುಟ್ಟ ಪುಟ್ಟ ಕುಳಿ ಮಾಡುತ್ತಾರೆ. ಒಂದು ಕುಳಿಗೆ ಪದೇ ಪದೇ ರಕ್ತ ಪಡೆದ ಹಿಮೋಫೀಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ರೋಗಿಯ ಸೀರಂ, ಸುತ್ತಲಿನ ಕುಳಿಗಳಿಗೆ ಬೇರೆ ಬೇರೆ ಊರಿನವರ ಸೀರಂ. ಎರಡೂ ಜೆಲ್ಲಿಯಲ್ಲಿ ಹರಡಿಕೊಂಡು ಬಂದು ನಡುವೆ ಸಂಧಿಸುತ್ತವೆ. ಒಂದರಲ್ಲಿರುವ ಪ್ರತಿಕಾಯಕ್ಕೆ ಇನ್ನೊಂದರಲ್ಲಿರುವ ವಸ್ತು ಹೊಂದಿಕೊಂಡರೆ ಅಲ್ಲಿ ಒಂದು ತೆಳು ಬಿಳಿ ಗೆರೆ ಮೂಡುತ್ತದೆ. ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯ ಸೀರಂ ಎದುರು ಅಂಥ ಗೆರೆ ಬಂತು. ಪ್ರತಿಕಾಯಕ್ಕೆ ಹೊಂದಿಕೊಂಡ ಆ ವಸ್ತುವಿಗೆ ‘ಆಸ್ಟ್ರೇಲಿಯಾ ಆಂಟಿಜನ್’ ಅಂತ ಹೆಸರಿಟ್ಟು 1965ರಲ್ಲಿ ಪ್ರಕಟಿಸಿದರು. ಅದು ವೈರಸ್‌ನ ತುಣುಕು ಅಂತ ಅವರಿಗೆ ಆಗ ಗೊತ್ತಿರಲಿಲ್ಲ. ರಕ್ತದ ಕ್ಯಾನ್ಸರ್‌ಗೆ ಸಂಬಂಧಪಟ್ಟಿದ್ದಿರಬೇಕು ಅಂತ ಅಂದಾಜು ಮಾಡಿದ್ದರು.

ಆಮೇಲೆ ಡೌನ್ ಸಿಂಡ್ರೋಮ್ ಇದ್ದ ಒಬ್ಬ ರೋಗಿಯ ಮೊದಲ ಸ್ಯಾಂಪಲ್‌ನಲ್ಲಿ ಇಲ್ಲದ ಆಂಟಿಜನ್ ನಂತರದ ಸ್ಯಾಂಪಲ್‌ನಲ್ಲಿ ಕಂಡಿತು. ಹುಟ್ಟಿನಿಂದ ಬಂದ ಗುಣವಾಗಿದ್ದರೆ ಹೀಗೆ ನಡುವೆ ಬರಬಾರದು, ಅಲ್ವಾ? ನೋಡಿದರೆ ಆ ಹೊತ್ತಿನಲ್ಲೇ ಆತನಿಗೆ ಹೆಪಟೈಟಿಸ್ ಆಗಿತ್ತು. 1967ರಲ್ಲಿ ಬ್ಲಂಬರ್ಗ್ ಲ್ಯಾಬಿನ ಬಾರ್ಬರಾ ವರ್ನರ್‌ಗೆ ಹುಷಾರು ತಪ್ಪಿತು. ಸಂಶಯ ಬಂದು ತಮ್ಮ ರಕ್ತವನ್ನೇ ಪರೀಕ್ಷೆಗಿಟ್ಟರು. ಮಸುಕಾದ ಗೆರೆ ಮೂಡಿತು. ಬೆನ್ನಲ್ಲೇ ಕಾಮಾಲೆ ಕಾಣಿಸಿಕೊಂಡಿತು. ಆಕೆ ಚೇತರಿಸಿಕೊಂಡರು, ಆಂಟಿಜನ್‌ಗೂ ಹೆಪಟೈಟಿಸ್‌ಗೂ ನಂಟಿದೆ ಅಂತ ಖಾತ್ರಿಯಾಯಿತು. 1970ರಲ್ಲಿ ಲಂಡನ್ನಿನ ಡೇವಿಡ್ ಡೇನ್ ಇಡೀ ವೈರಸ್ ಕಣವನ್ನೇ ಮೈಕ್ರೋಸ್ಕೋಪಿನಲ್ಲಿ ಕಂಡರು.

ಇಲ್ಲಿಂದ ಲಸಿಕೆ ಬಂದ ದಾರಿಯೂ ಸೋಜಿಗದ್ದೇ. ಬಿ ವೈರಸ್ ಇರುವವರ ರಕ್ತದಲ್ಲಿ ವೈರಸ್‌ನ ಹೊರಕವಚದ ಖಾಲಿ ಕಣಗಳು ಬೇಕಾದಷ್ಟು ತೇಲುತ್ತಿರುತ್ತವೆ. ಅವನ್ನು ಶುದ್ಧ ಮಾಡಿದರೆ ಅದೇ ಲಸಿಕೆ. 1981ರಲ್ಲಿ ಅಮೆರಿಕದಲ್ಲಿ ಇಂಥ ಲಸಿಕೆಗೆ ಅನುಮತಿ ಸಿಕ್ಕಿತು. 1986ರಲ್ಲಿ ಯೀಸ್ಟ್‌ನಲ್ಲಿ ತಯಾರಿಸಿದ ಲಸಿಕೆ ಬಂತು, ಮನುಷ್ಯರ ರಕ್ತದ ಹಂಗು ತಪ್ಪಿತು. ತೈವಾನ್ 1984ರಲ್ಲೇ ಮಕ್ಕಳಿಗೆ ಹಾಕಲು ಶುರು ಮಾಡಿತು. ಅಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಲಕ್ಷಕ್ಕೆ 0.70ರಿಂದ 0.36ಕ್ಕೆ ಇಳಿಯಿತು. ಲಸಿಕೆಯೊಂದು ಕ್ಯಾನ್ಸರ್ ತಡೆಯುತ್ತದೆ ಅಂತ ಜಗತ್ತು ಮೊದಲು ಕಣ್ಣಾರೆ ಕಂಡಿದ್ದು ಅಲ್ಲೇ.

1973ರಲ್ಲಿ ಎ ವೈರಸ್ ರೋಗಿಗಳ ಮಲದಲ್ಲಿ ಸಿಕ್ಕಿತು. 1977ರಲ್ಲಿ ಇಟಲಿಯ ಮಾರಿಯೋ ರಿಜ್ಜೆಟ್ಟೋ, ಬಿ ಇಲ್ಲದೆ ಬದುಕಲಾರದ ಡಿಯ ಗುರುತು ಹಿಡಿದರು. ಎ, ಬಿ ಎರಡಕ್ಕೂ ಪರೀಕ್ಷೆ ಬಂತಲ್ಲ, ಇನ್ನೇನು ಮುಗಿಯಿತು ಅಂದುಕೊಂಡಿದ್ದವರಿಗೆ ಆಲ್ಟರ್ ಬೇರೆಯೇ ಸುದ್ದಿ ಕೊಟ್ಟರು. ಅವರು ರಕ್ತ ಪಡೆದ ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳನ್ನು ವರ್ಷಗಟ್ಟಲೆ ಗಮನಿಸುತ್ತಿದ್ದರು. 1960ರ ದಶಕದಲ್ಲಿ ಅಂಥವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಹೆಪಟೈಟಿಸ್ ಬರುತ್ತಿತ್ತು. ದುಡ್ಡು ಕೊಟ್ಟು ರಕ್ತ ಕೊಳ್ಳುವುದನ್ನು ನಿಲ್ಲಿಸಿ, ಬಿ ಪರೀಕ್ಷೆ ಶುರು ಮಾಡಿದ ಮೇಲೆ ಇದು ತುಂಬಾ ಇಳಿಯಿತು, ಆದರೆ ನಿಲ್ಲಲಿಲ್ಲ. ಉಳಿದದ್ದು ಎ ಅಲ್ಲ, ಬಿಯೂ ಅಲ್ಲ. 1975ರಿಂದ ಅದಕ್ಕೆ ‘ಎ-ಅಲ್ಲದ ಬಿ-ಅಲ್ಲದ ಹೆಪಟೈಟಿಸ್’ ಅಂತಲೇ ಹೆಸರು.

ಆಲ್ಟರ್ ಸುಮ್ನೆ ಕೂರಲಿಲ್ಲ. ಸೋಂಕಿದೆ ಅಂತ ಖಚಿತವಾಗಿದ್ದ ಸೀರಂ ಮತ್ತು ಸೋಂಕಿಲ್ಲದ ಸೀರಂ ಎರಡನ್ನೂ ಬೆರೆಸಿಟ್ಟು, ಬರೀ ಗುಪ್ತ ಸಂಖ್ಯೆ ಹಾಕಿದ ಸ್ಯಾಂಪಲ್‌ಗಳ ಸೆಟ್ ಮಾಡಿದರು. ‘ವೈರಸ್ ಸಿಕ್ಕಿತು’ ಅಂತ ಬಂದವರಿಗೆಲ್ಲ ಅದನ್ನು ಕೊಟ್ಟು, ಯಾವುದು ಯಾವುದು ಹೇಳಿ ನೋಡೋಣ ಅನ್ನುತ್ತಿದ್ದರು. ಹಲವು ಲ್ಯಾಬ್‌ಗಳು ಸೋತವು. ಅಷ್ಟರಲ್ಲಿ ಕೈರಾನ್ ಕಂಪನಿಯ ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ, ಜೊತೆಗೆ ಡೇನಿಯಲ್ ಬ್ರಾಡ್ಲಿ ಬೇರೆ ದಾರಿ ಹಿಡಿದಿದ್ದರು. ಸೋಂಕಿದ್ದ ಚಿಂಪಾಂಜಿಯ ರಕ್ತದಲ್ಲಿದ್ದ ಎಲ್ಲ ಆನುವಂಶಿಕ ವಸ್ತುವನ್ನೂ ಚೂರು ಚೂರಾಗಿ ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಯಾವ ಚೂರಿನ ಪ್ರೊಟೀನನ್ನು ರೋಗಿಯ ಪ್ರತಿಕಾಯ ಹಿಡಿದುಕೊಳ್ಳುತ್ತದೆ ಅಂತ ಹುಡುಕಿದರು. ಹೀಗೆ ಮಾಡಿದ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾ ತದ್ರೂಪುಗಳಲ್ಲಿ (ಕ್ಲೋನ್) ಒಂದು ಸಿಕ್ಕಿತು. ಅವರ ಪರೀಕ್ಷೆ ಆಲ್ಟರ್ ಸೆಟ್ಟಿನಲ್ಲೂ ಗೆದ್ದಿತು. 1989ರಲ್ಲಿ ಹೆಪಟೈಟಿಸ್ ಸಿ ಜಗತ್ತಿಗೆ ಗೊತ್ತಾಯಿತು, ಮರುವರ್ಷವೇ ಬ್ಲಡ್ ಬ್ಯಾಂಕ್‌ಗಳಲ್ಲಿ ಪರೀಕ್ಷೆ ಶುರುವಾಯಿತು.

ಭಾರತದ ಪಾಲು ದೊಡ್ಡದಿರುವುದು ಇ ವಿಷಯದಲ್ಲಿ. 1955ರ ಕೊನೆಗೆ ದೆಹಲಿಯಲ್ಲಿ ಯಮುನೆ ಪಾತ್ರ ಬದಲಿಸಿ, ಚರಂಡಿ ನೀರು ವಜೀರಾಬಾದ್ ಪಂಪಿಂಗ್ ಸ್ಟೇಷನ್‌ಗೆ ನುಗ್ಗಿತು. ಕ್ಲೋರಿನ್ ಜಾಸ್ತಿ ಹಾಕಿದರು. ಟೈಫಾಯ್ಡ್ ಹೆಚ್ಚಲಿಲ್ಲ, ಆದರೆ ಸುಮಾರು 29,000 ಜನರಿಗೆ ಕಾಮಾಲೆ ಬಂತು. ಗರ್ಭಿಣಿಯರ ಪಾಡಂತೂ ಭೀಕರ. ನೀರಿನಿಂದ ಬಂದದ್ದು ಎ ಇರಬೇಕು ಅಂತ ಎಲ್ಲರೂ ನಂಬಿದ್ದರು. 1978ರಲ್ಲಿ ಕಾಶ್ಮೀರದಲ್ಲೂ ಇಂಥದ್ದೇ ಪಿಡುಗು ಎದ್ದಾಗ ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಊರೂರು ಸುತ್ತಿ ಅಧ್ಯಯನ ಮಾಡಿ, ಇದು ಹೊಸ ವೈರಸ್ ಅಂದರು. ದೆಹಲಿ ಪಿಡುಗಿನ ಕಾಲದಲ್ಲಿ ತೆಗೆದಿಟ್ಟಿದ್ದ ಸೀರಂ ಅನ್ನು 1980ರಲ್ಲಿ ಪರೀಕ್ಷಿಸಿದಾಗ ಅದೂ ಎ ಅಲ್ಲ ಅಂತ ಗೊತ್ತಾಯಿತು. ಕಾಲು ಶತಮಾನ ಫ್ರೀಜರ್‌ನಲ್ಲಿದ್ದ ರಕ್ತ ಅದು! 1983ರಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಾಯನ್, ರೋಗಿಗಳ ಮಲದಿಂದ ತಯಾರಿಸಿದ ದ್ರವವನ್ನು ತಾವೇ ಕುಡಿದು, ಕಾಮಾಲೆ ಬರಿಸಿಕೊಂಡು, ತಮ್ಮ ಮಲದಲ್ಲಿ ಆ ವೈರಸ್ ಕಂಡರು. ಈ ವೈರಸ್‌ಗೆ 2011ರಲ್ಲಿ ಚೀನಾ ಒಂದು ಲಸಿಕೆಗೆ ಅನುಮತಿ ಕೊಟ್ಟಿದೆ.

ಸಿ ಕಥೆ ಚಿಕಿತ್ಸೆಯಲ್ಲಿ ಗೆದ್ದ ಕಥೆ. 2013ರ ಕೊನೆಗೆ ಸೊಫೋಸ್ಬುವಿರ್ ಮಾತ್ರೆ ಬಂತು. ಇಂಥ ಮಾತ್ರೆಗಳನ್ನು ಎರಡು ಮೂರು ತಿಂಗಳು ನುಂಗಿದರೆ ನೂರಕ್ಕೆ 95ಕ್ಕೂ ಹೆಚ್ಚು ಜನರಲ್ಲಿ ವೈರಸ್ ಪೂರ್ತಿ ಹೋಗುತ್ತದೆ. ಆದರೆ ಅಮೆರಿಕದಲ್ಲಿ 12 ವಾರದ ಔಷಧಿಗೆ 84,000 ಡಾಲರ್ ಬೆಲೆ ಇಟ್ಟರು. ಆ ಬೆಲೆ ನನಗೆ ಇವತ್ತಿಗೂ ಅನ್ಯಾಯ ಅನಿಸುತ್ತದೆ. ಕಡಿಮೆ ಬೆಲೆಯ ಜೆನೆರಿಕ್ ಬಂದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಈಜಿಪ್ಟ್ ನೋಡಿ. ಅಲ್ಲಿ ದಶಕಗಳ ಹಿಂದೆ ಬಸವನಹುಳುವಿನಿಂದ ಹರಡುವ ಪರಾವಲಂಬಿ ಕಾಯಿಲೆಗೆ ಸರ್ಕಾರವೇ ಊರೂರಲ್ಲಿ ಇಂಜೆಕ್ಷನ್ ಕೊಡಿಸಿತ್ತು. ಸೂಜಿಗಳನ್ನು ಸರಿಯಾಗಿ ಶುದ್ಧ ಮಾಡದೆ ಮತ್ತೆ ಬಳಸಿದ್ದರಿಂದ ಸಿ ಹರಡಿತು. ಅದೇ ದೇಶ 2018ರಿಂದ ಕೋಟಿಗಟ್ಟಲೆ ಜನರನ್ನು ಪರೀಕ್ಷಿಸಿ, ಸೋಂಕಿದ್ದವರಿಗೆ ಪುಕ್ಕಟೆ ಚಿಕಿತ್ಸೆ ಕೊಟ್ಟಿತು. 2020ರಲ್ಲಿ ಸಿ ಸಂಶೋಧನೆಗಾಗಿ ಆಲ್ಟರ್, ಹೌಟನ್ ಮತ್ತು ಚಾರ್ಲ್ಸ್ ರೈಸ್‌ಗೆ ನೊಬೆಲ್ ಬಂತು. ಆದರೂ ಸಿಗೆ ಲಸಿಕೆ ಇನ್ನೂ ಇಲ್ಲ, ಅದು ಪದೇ ಪದೇ ರೂಪ ಬದಲಿಸುತ್ತದೆ.

ಬಿ ಇದಕ್ಕೆ ತದ್ವಿರುದ್ಧ. ಒಳ್ಳೆಯ ಲಸಿಕೆ ಇದೆ, ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಈ ವೈರಸ್ ತನ್ನ ಡಿಎನ್‌ಎಯನ್ನು ಉಂಗುರದ ಹಾಗೆ ಸುತ್ತಿ ಲಿವರ್ ಜೀವಕೋಶದ ಕೇಂದ್ರದೊಳಗೆ ಇಟ್ಟುಬಿಡುತ್ತದೆ. ಈಗಿನ ಮಾತ್ರೆಗಳು ವೈರಸ್ ಹೆಚ್ಚದಂತೆ ತಡೆಯುತ್ತವೆ, ಆ ಉಂಗುರವನ್ನು ಅಳಿಸಲಾರವು. ಇವತ್ತಿನ ಸಂಶೋಧನೆಯ ದೊಡ್ಡ ಪಾಲು ಅದರ ಬೆನ್ನು ಹತ್ತಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ 25.4 ಕೋಟಿ ಜನರಿಗೆ ಬಿ ಇತ್ತು, 5 ಕೋಟಿ ಜನರಿಗೆ ಸಿ ಇತ್ತು. ಆ ಒಂದೇ ವರ್ಷದಲ್ಲಿ ವೈರಲ್ ಹೆಪಟೈಟಿಸ್‌ನಿಂದ ಸತ್ತವರು 13 ಲಕ್ಷ. ಬಿ ಇರುವವರಲ್ಲಿ ನೂರಕ್ಕೆ 13 ಜನರಿಗಷ್ಟೇ ತಮಗೆ ಸೋಂಕಿದೆ ಅಂತ ಪರೀಕ್ಷೆಯಿಂದ ಗೊತ್ತಾಗಿತ್ತು. ಹುಟ್ಟುವಾಗ ಅಂಟಿಕೊಂಡ ಬಿ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಜೀವನಪೂರ್ತಿ ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಹಾಗೆ ಉಳಿಯುವುದು ನೂರಕ್ಕೆ ಐವರಿಗಿಂತ ಕಡಿಮೆ ಜನರಲ್ಲಿ. ಅದಕ್ಕೇ ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಹಾಕಬೇಕು ಅನ್ನುವುದು. 2022ರಲ್ಲಿ ಆ ಡೋಸ್ ಸಿಕ್ಕಿದ್ದು ಜಗತ್ತಿನ ನೂರಕ್ಕೆ 45 ಮಕ್ಕಳಿಗೆ, ಆಫ್ರಿಕಾ ವಲಯದಲ್ಲಿ ನೂರಕ್ಕೆ 18 ಮಕ್ಕಳಿಗೆ.