ಆಗಸ್ಟ್ ತಿಂಗಳಲ್ಲಿ ಹೊಸ ವರ್ಷ ಆಚರಿಸುವ ಹಳ್ಳಿ

ಪ್ರಶ್ನೆ: ಸ್ಪೇನಿನ ಬೆಟ್ಟದ ಹಳ್ಳಿಯೊಂದರಲ್ಲಿ ಹೊಸ ವರ್ಷವನ್ನು ಆಗಸ್ಟ್‌ನಲ್ಲಿ ಆಚರಿಸುತ್ತಾರಂತೆ. ನಿಜವೇ? ನಿಜವಾದರೆ ಅದನ್ನು ಹಬ್ಬ ಎನ್ನಬೇಕೋ, ಪ್ರವಾಸಿಗರನ್ನು ಸೆಳೆಯಲು ಮಾಡಿಕೊಂಡ ಏರ್ಪಾಡು ಎನ್ನಬೇಕೋ?

ಉತ್ತರ: ನಿಜ. ಊರಿನ ಹೆಸರು ಬೆರ್ಚುಲೆಸ್. ಸ್ಪೇನಿನ ದಕ್ಷಿಣಕ್ಕೆ, ಗ್ರನಾಡಾ ಪ್ರಾಂತ್ಯದಲ್ಲಿ ಸಿಯೆರಾ ನೆವಾಡಾ ಎಂಬ ಪರ್ವತಸಾಲಿದೆ. ಅದರ ತೆಂಕಣ ಇಳಿಜಾರಿನ ಹಳ್ಳಿಗಳ ಸೀಮೆಗೆ ಆಲ್ಪುಹಾರಾ ಎಂದು ಹೆಸರು. ಸುಣ್ಣ ಬಳಿದ ಗೋಡೆಗಳು, ಮಣ್ಣು ಹಾಸಿದ ಮಟ್ಟಸ ಮಾಳಿಗೆಗಳು, ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಲಗಳು. ಬೆರ್ಚುಲೆಸ್ ಇರುವುದು ಸುಮಾರು 1,300 ಮೀಟರ್ ಎತ್ತರದಲ್ಲಿ. ವರ್ಷವಿಡೀ ಅಲ್ಲೇ ಬದುಕುವವರು ಸಾವಿರಕ್ಕೂ ಕಡಿಮೆ.

1994ರ ಹೊಸ ವರ್ಷದ ಮುನ್ನಾದಿನ ರಾತ್ರಿ ಊರಿನಲ್ಲಿ ಕರೆಂಟ್ ಹೋಯಿತು. ಸ್ಪೇನಿನಲ್ಲಿ ಆ ರಾತ್ರಿ ಕರೆಂಟ್ ಹೋಯಿತು ಎಂದರೆ ಬರೀ ದೀಪ ಆರಿತು ಎಂದಲ್ಲ. ಅಲ್ಲಿ ಹೊಸ ವರ್ಷ ಬರುವುದು ಗಂಟೆಯ ಸದ್ದಿನ ಮೇಲೆ. ಮ್ಯಾಡ್ರಿಡ್‌ನ ಪುಯೆರ್ತಾ ದೆಲ್ ಸೋಲ್ ಚೌಕದ ಗಡಿಯಾರ ನಡುರಾತ್ರಿ ಹನ್ನೆರಡು ಹೊಡೆಯುವುದನ್ನು ದೇಶವೇ ಟಿವಿ ಮುಂದೆ ಕೂತು ಕೇಳುತ್ತದೆ. ಒಂದೊಂದು ಹೊಡೆತಕ್ಕೆ ಒಂದೊಂದು ದ್ರಾಕ್ಷಿ ಬಾಯಿಗೆ ಹೋಗಬೇಕು. ಎರಡು ಹೊಡೆತಗಳ ನಡುವೆ ಸಿಗುವುದು ಸುಮಾರು 3 ಸೆಕೆಂಡ್. ಅಷ್ಟರಲ್ಲಿ ಅಗಿದು ನುಂಗಿ ಮುಂದಿನದಕ್ಕೆ ಕೈ ಹಾಕಬೇಕು. ಅದಕ್ಕೇ ಎಷ್ಟೋ ಮನೆಗಳಲ್ಲಿ ಸಂಜೆಯೇ ದ್ರಾಕ್ಷಿಯ ಬೀಜ ತೆಗೆದು, ಮಕ್ಕಳಿಗೆ ಸಿಪ್ಪೆಯನ್ನೂ ಸುಲಿದು, ತಲೆಗೆ ಹನ್ನೆರಡರಂತೆ ಎಣಿಸಿ ಬಟ್ಟಲಿಗೆ ಹಾಕಿಡುತ್ತಾರೆ. ಹನ್ನೆರಡೂ ಮುಗಿದರೆ ಹನ್ನೆರಡು ತಿಂಗಳೂ ಒಳ್ಳೆಯದಾಗುತ್ತದೆ ಎಂದು ನಂಬಿಕೆ. ಕೊನೆಯ ಹೊಡೆತಕ್ಕೆ ಎಲ್ಲರ ಕೆನ್ನೆಯೂ ಉಬ್ಬಿರುತ್ತದೆ, ಯಾರಿಗೂ ಮಾತಾಡಲು ಆಗುವುದಿಲ್ಲ. ನುಂಗಿ ಮುಗಿಸಿದ ಮೇಲೆಯೇ ಅಪ್ಪುಗೆ, ಮುತ್ತು, ಶುಭಾಶಯ.

ಬೆರ್ಚುಲೆಸ್‌ನವರಿಗೆ ಆ ಸಲ ಇದು ತಪ್ಪಿಹೋಯಿತು. ತಪ್ಪಿದ್ದನ್ನು ಬೇಸಿಗೆಯಲ್ಲಿ ಮಾಡೋಣ ಎಂದು ಊರವರು ತೀರ್ಮಾನಿಸಿದರು, ಆಗಸ್ಟ್‌ನಲ್ಲಿ ದ್ರಾಕ್ಷಿ ತಿಂದರು. ಅದು ಎಲ್ಲರಿಗೂ ಹಿಡಿಸಿತು, ಮರುವರ್ಷವೂ ಮುಂದುವರಿಯಿತು. ಈಗ ಆಗಸ್ಟ್ ಮೊದಲ ವಾರಾಂತ್ಯದಲ್ಲಿ ಅಲ್ಲಿ ಕ್ರಿಸ್‌ಮಸ್‌ನ ಬೀದಿದೀಪಗಳು ಉರಿಯುತ್ತವೆ, ಚಳಿಗಾಲದ ಸಿಹಿತಿಂಡಿಗಳು ಬರುತ್ತವೆ, ಶಿಶು ಯೇಸುವನ್ನು ಕಾಣಲು ಬಂದ ಮೂವರು ಅರಸರ ಮೆರವಣಿಗೆ ಬೆವರು ಸುರಿಸುತ್ತಾ ಸಾಗುತ್ತದೆ. ಆ ರಾತ್ರಿ ಸೇರುವವರ ಲೆಕ್ಕ ಸಾವಿರಗಳಲ್ಲಿ.

ಹಾಗಾದರೆ ಇದು ಪ್ರವಾಸಿಗರಿಗಾಗಿಯೇ ಎಂಬ ನಿಮ್ಮ ಅನುಮಾನ? ಹೊರಗಿನವರು ಬರುತ್ತಾರೆ, ಊರಿಗೆ ನಾಲ್ಕು ಕಾಸು ಆಗುತ್ತದೆ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಆದರೆ ತಪ್ಪಿದ ಹಬ್ಬವನ್ನು ಮಾರ್ಚ್‌ಗೋ ಮೇ ತಿಂಗಳಿಗೋ ಇಟ್ಟುಕೊಳ್ಳದೆ ಆಗಸ್ಟ್‌ಗೇ ಏಕೆ ಇಟ್ಟುಕೊಂಡರು ಎಂದು ಕೇಳಿ ನೋಡಿ. ನನಗೆ ಮುಖ್ಯವಾಗಿ ಕಾಣುವುದು ಅದೇ.

1950ರ ದಶಕದಿಂದ 70ರ ದಶಕದವರೆಗೆ ಸ್ಪೇನಿನ ಬೆಟ್ಟದೂರುಗಳಿಂದ ಜನ ಗುಳೆ ಎದ್ದು ಹೋದರು. ಆಲ್ಪುಹಾರಾದವರು ಬಾರ್ಸಿಲೋನಾದ ಕಾರ್ಖಾನೆಗಳಿಗೆ, ಜರ್ಮನಿಗೆ, ಫ್ರಾನ್ಸ್‌ಗೆ, ಸ್ವಿಟ್ಜರ್ಲೆಂಡ್‌ಗೆ ಹೋದರು. ಆಮೇಲೆ ಹತ್ತಿರದ ಆಲ್ಮೆರಿಯಾ ಕರಾವಳಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ತರಕಾರಿ ಬೇಸಾಯ ಎದ್ದಾಗ ಅಲ್ಲಿಗೂ ಇಳಿದರು. ಮನೆ ಮಾತ್ರ ಮಾರಲಿಲ್ಲ, ಬೀಗ ಹಾಕಿ ಹೋದರು. ಆ ಬೀಗ ತೆಗೆಯುವ ತಿಂಗಳು ಆಗಸ್ಟ್. ಇಡೀ ದೇಶ ರಜೆ ಹಾಕುವ ಕಾಲ ಅದು. ಮೊಮ್ಮಕ್ಕಳು ಬರುತ್ತಾರೆ, ಬೀದಿಯಲ್ಲಿ ರಾತ್ರಿ ಎರಡರವರೆಗೂ ಮಕ್ಕಳ ಗಲಾಟೆ ಇರುತ್ತದೆ, ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತ ಹಿರಿಯರು ಹೋಗುವವರನ್ನೆಲ್ಲ 'ನೀನು ಯಾರ ಮಗ?' ಎಂದು ವಿಚಾರಿಸುತ್ತಾರೆ. ಚಳಿಗಾಲದಲ್ಲಿ ಬರುವ ತಮ್ಮ ಸಂತನ ಹಬ್ಬವನ್ನೇ ಬೇಸಿಗೆಗೆ ತಂದುಕೊಂಡ, ಇಲ್ಲವೇ ಬೇಸಿಗೆಯಲ್ಲಿ ಇನ್ನೊಮ್ಮೆ ಮಾಡುವ ಊರುಗಳು ಸ್ಪೇನಿನಲ್ಲಿ ಬೇಕಾದಷ್ಟಿವೆ. ಊರು ತುಂಬಿದ ದಿನ ಹಬ್ಬ. ಬೆರ್ಚುಲೆಸ್‌ನವರು ಹೊಸ ವರ್ಷಕ್ಕೂ ಇದೇ ನ್ಯಾಯ ಹಚ್ಚಿದರು, ಅಷ್ಟೇ. ಹಾಗಾಗಿ ನಾನು ಅದನ್ನು ಹಬ್ಬ ಎಂದೇ ಕರೆಯುತ್ತೇನೆ.

ಎಲ್ಲ ಹಬ್ಬವೂ ಹೀಗೆ ಜಾಗ ಬಿಟ್ಟು ಕದಲುವುದಿಲ್ಲ. ಅದೇ ಸೀಮೆಯ ತ್ರೆವೆಲೆಸ್ ಇನ್ನೂ ಎತ್ತರದ ಊರು, ಹಂದಿಯ ತೊಡೆಮಾಂಸವನ್ನು ಉಪ್ಪು ಹಾಕಿ ಬೆಟ್ಟದ ಗಾಳಿಗೆ ಒಣಗಿಸುವುದಕ್ಕೆ ಹೆಸರಾದದ್ದು. ಅಲ್ಲಿ ಆಗಸ್ಟ್ 4ರ ನಡುರಾತ್ರಿ ಜನ ಕಾಲ್ನಡಿಗೆಯಲ್ಲೋ ಕುದುರೆಯ ಮೇಲೋ ಮುಲಾಸೆನ್ ಶಿಖರದತ್ತ ಹೊರಡುತ್ತಾರೆ. ಸ್ಪೇನ್ ಮತ್ತು ಪೋರ್ಚುಗಲ್ ಸೇರಿದ ಐಬೀರಿಯಾ ನೆಲದಲ್ಲೇ ಅತಿ ಎತ್ತರದ ಶಿಖರವದು, 3,479 ಮೀಟರ್. ಕೆಳಗೆ ಆಗಸ್ಟ್‌ನ ಬಿಸಿಲಿದ್ದರೂ ಅಷ್ಟು ಎತ್ತರದಲ್ಲಿ ರಾತ್ರಿ ಹೊತ್ತು ಚಳಿ ಮೂಳೆಗೆ ಇಳಿಯುತ್ತದೆ. ಕತ್ತಲಲ್ಲಿ ಏರಿ, ಬೆಳಗಾಗುವುದನ್ನು ಬೆಟ್ಟದ ಮೇಲೆಯೇ ನೋಡಿ, 5ನೇ ತಾರೀಕು ಶಿಖರದಲ್ಲಿ ಹಿಮದ ಮಾತೆಯ, ಅಂದರೆ ಯೇಸುವಿನ ತಾಯಿ ಮೇರಿಯ, ಪೂಜೆ ಮುಗಿಸಿ ಇಳಿಯುತ್ತಾರೆ. ಈ ಹಬ್ಬ ಹುಟ್ಟಿದ್ದೇ ಬೇಸಿಗೆಯಲ್ಲಿ, ಹಿಮ ಕರಗಿ ದಾರಿ ಬಿಡುವ ಕಾಲದಲ್ಲಿ. ಅದಕ್ಕೆ ದಿನ ಬದಲಿಸುವ ಪ್ರಸಂಗವೇ ಬರಲಿಲ್ಲ.

ವಾಲೊರ್ ಎಂಬ ಊರಿನ ಸೆಪ್ಟೆಂಬರ್ ಹಬ್ಬದ ಮಾತೇ ಬೇರೆ. ಒಂದು ಕಾಲಕ್ಕೆ ಸ್ಪೇನಿನಲ್ಲಿ ಆಳಿದ ಮುಸ್ಲಿಮರಿಗೆ ಮೂರರು ಎಂದು ಹೆಸರು. ಅಲ್ಲಿ ಆ ಮೂರರು ಮತ್ತು ಕ್ರೈಸ್ತರ ಕಾಳಗವನ್ನು ಊರವರೇ ವೇಷ ಕಟ್ಟಿ, ಪದ್ಯದ ಮಾತುಗಳಲ್ಲಿ, ಕೋವಿಯ ಸದ್ದಿನ ನಡುವೆ ಆಡುತ್ತಾರೆ. ಮೊದಲು ಕೋಟೆ ಮೂರರ ಕೈಗೆ ಹೋಗುತ್ತದೆ, ಕೊನೆಗೆ ಕ್ರೈಸ್ತರು ಗೆಲ್ಲುತ್ತಾರೆ. ಇದು ಆ ನೆಲದ ನಿಜವಾದ ಗಾಯ. ಬಲವಂತದಿಂದ ಕ್ರೈಸ್ತರಾಗಿದ್ದ ಮುಸ್ಲಿಮರು, ಅಂದರೆ ಮೊರಿಸ್ಕೊಗಳು, 1568ರಲ್ಲಿ ಎರಡನೇ ಫಿಲಿಪ್ ದೊರೆಯ ವಿರುದ್ಧ ದಂಗೆ ಎದ್ದದ್ದು ಇದೇ ಬೆಟ್ಟಗಳಲ್ಲಿ. ಅವರು ತಮ್ಮ ಅರಸನೆಂದು ಆರಿಸಿಕೊಂಡ ಅಬೆನ್ ಹುಮೆಯಾನ ಮನೆತನದ ಹೆಸರೇ ವಾಲೊರ್. 1571ರ ಹೊತ್ತಿಗೆ ದಂಗೆ ಅಡಗಿತು. ಮೊರಿಸ್ಕೊಗಳನ್ನು ಗ್ರನಾಡಾ ಸೀಮೆಯಿಂದಲೇ ಅಟ್ಟಿದರು, ಖಾಲಿಯಾದ ಮನೆಗಳಿಗೆ ಉತ್ತರದಿಂದ ಒಕ್ಕಲುಗಳನ್ನು ತಂದು ಕೂರಿಸಿದರು. ಅಂದರೆ ಮೂರರ ರುಮಾಲು ಸುತ್ತಿಕೊಂಡು ರಂಗಕ್ಕೆ ಬರುವವರಲ್ಲಿ ಹೆಚ್ಚಿನವರು, ಮೂರರ ಮನೆಗಳಿಗೆ ಆಮೇಲೆ ಬಂದು ಸೇರಿದವರ ಪೀಳಿಗೆ. ಹೊಲಕ್ಕೆ ನೀರು ಹಾಯಿಸುವ ಕಾಲುವೆಯನ್ನು ಅವರು ಇಂದಿಗೂ ಕರೆಯುವುದು 'ಅಸೇಕಿಯಾ' ಎಂಬ ಅರಬ್ಬಿ ಮೂಲದ ಹೆಸರಿನಿಂದಲೇ. ಗೆದ್ದವರ ನಾಟಕದಲ್ಲಿ ಸೋತವರ ಅರಸನಿಗೂ ತೂಕದ ಮಾತುಗಳಿವೆ ಎಂಬುದು ನನಗೆ ಸಮಾಧಾನ ಕೊಡುವ ಸಂಗತಿ.

ಈ ಸೀಮೆಯ ಹಾಡುಗಾರಿಕೆಯ ಬಗ್ಗೆ ಹೇಳದೆ ಮುಗಿಸಲಾರೆ. 'ತ್ರೋವೊ' ಎಂದರೆ ಪಿಟೀಲು, ಗಿಟಾರ್ ಜೊತೆಗೆ ಇಬ್ಬರು ನಿಂತಲ್ಲೇ ಪದ ಕಟ್ಟಿ ಒಬ್ಬರಿಗೊಬ್ಬರು ಸವಾಲು ಹಾಕುವುದು. ಒಂದು ಪದಕ್ಕೆ ಐದು ಸಾಲು, ಸಾಲಿಗೆ ಎಂಟು ಅಕ್ಷರ, ಪ್ರಾಸ ತಪ್ಪುವಂತಿಲ್ಲ. ವಲಸೆ ಹೋದವರ ಜೊತೆ ಈ ಕಲೆಯೂ ಹೋಗಿಬಿಡುತ್ತದೆ ಎಂಬ ಆತಂಕದ ಕಾಲದಲ್ಲಿ, 1982ರಲ್ಲಿ, ಆಲ್ಪುಹಾರಾದ ಸಾಂಪ್ರದಾಯಿಕ ಸಂಗೀತದ ಉತ್ಸವವನ್ನು ಶುರುಮಾಡಿದರು. ವರ್ಷಕ್ಕೊಂದು ಊರಿನಲ್ಲಿ ಅದು ನಡೆಯುತ್ತದೆ. ತಿಂಗಳು ಯಾವುದೆಂದರೆ, ಅದೂ ಆಗಸ್ಟ್.

ನೀವು ಹೋಗುವುದಾದರೆ ಆಗಸ್ಟ್‌ನ ಮೊದಲ ವಾರವನ್ನೇ ಆರಿಸಿಕೊಳ್ಳಿ. ಬೆರ್ಚುಲೆಸ್‌ನ ದ್ರಾಕ್ಷಿ ರಾತ್ರಿಯೂ ತ್ರೆವೆಲೆಸ್‌ನ ಶಿಖರಯಾತ್ರೆಯೂ ಕೆಲವೇ ದಿನಗಳ ಅಂತರದಲ್ಲಿ ಸಿಗುತ್ತವೆ, ಊರುಗಳ ನಡುವೆ ದೂರವೂ ಹೆಚ್ಚಿಲ್ಲ. ಉಳಿಯಲು ಕೋಣೆ ಬಹಳ ಮುಂಚೆಯೇ ಗೊತ್ತುಮಾಡಿಕೊಳ್ಳಿ, ಬೆಟ್ಟಕ್ಕೆ ಬೆಚ್ಚನೆಯ ಬಟ್ಟೆ ಇರಲಿ. ಆದರೆ ಊರು ತನ್ನಷ್ಟಕ್ಕೆ ತಾನಿರುವಾಗ ನೋಡಬೇಕೆಂದಿದ್ದರೆ ಜನವರಿ 17ರ ಹೊತ್ತಿಗೆ ಹೋಗಿ. ಅದು ಜಾನುವಾರುಗಳನ್ನು ಕಾಯುವ ಸಂತ ಅಂತೋನಿಯ ದಿನ. ಬೀದಿಗಳಲ್ಲಿ 'ಚಿಸ್ಕೊ' ಎಂಬ ಬೆಂಕಿ ಹಾಕುತ್ತಾರೆ, ಸುತ್ತ ನಿಂತು ಮೈ ಕಾಯಿಸಿಕೊಳ್ಳುತ್ತಾರೆ, ಕೆಂಡದ ಮೇಲೆ ಮಾಂಸ ಸುಡುತ್ತಾರೆ. ಬೀಗ ಹಾಕಿದ ಮನೆಗಳ ಗೋಡೆಗಳ ಮೇಲೂ ಆ ಬೆಳಕು ಆಡುತ್ತದೆ.