ಪಿನ್ 17 ಹೋಗಿ 529 ಆಗಿದ್ದು ಯಾಕೆ?

ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ತಪ್ಪುವಂತಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಮೋಟರಿನ ರಿಲೇಯನ್ನು ಲಿನಕ್ಸ್ ಓಡುವ ಒಂದು ಪುಟ್ಟ ಬೋರ್ಡ್ ನೋಡಿಕೊಳ್ಳುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್ ಅಪ್‌ಡೇಟ್ ಮಾಡಿದ ಮರುದಿನ ಮೋಟರು ಸುಮ್ನೆ ಕೂತಿತ್ತು. ವೈರು ಸರಿ, ರಿಲೇನೂ ಸರಿ. ನನ್ನ ಸ್ಕ್ರಿಪ್ಟಿನಲ್ಲಿದ್ದ ಪಿನ್ 17 ಮಾತ್ರ ಈಗ 529 ಆಗಿತ್ತು.

ಕಾರಣ ಹುಡುಕುತ್ತಾ ಹಳೆಯ ಕಥೆಗೇ ಹೋಗಬೇಕಾಯಿತು.

ಚಿಪ್ಪಿನ ಪಿನ್ ಒಂದೇ ಕೆಲಸಕ್ಕೆ ಮೀಸಲಲ್ಲ. ರಿಲೇ ಆನ್ ಮಾಡುವ ಪಿನ್ನೇ ಸೀರಿಯಲ್ ಪೋರ್ಟಿನ ತಂತಿಯೂ ಆಗಬಹುದು. ಮೊದಲ ರಾಸ್ಪ್‌ಬೆರಿ ಪೈ ಬೋರ್ಡಿನಲ್ಲಿದ್ದ ಬಿಸಿಎಂ2835 ಚಿಪ್ಪಿನಲ್ಲಿ ಇಂಥ 54 ಪಿನ್‌ಗಳಿವೆ. ಯಾವುದು ಯಾರಿಗೆ ಅಂತ ಒಬ್ಬರು ತೀರ್ಮಾನಿಸಬೇಕು ಅಲ್ವಾ? ಎರಡು ಡ್ರೈವರ್‌ಗಳು (ಹಾರ್ಡ್‌ವೇರ್ ನಡೆಸುವ ಪ್ರೋಗ್ರಾಂಗಳು) ಒಂದೇ ಪಿನ್ನಿಗೆ ಕೈ ಹಾಕಿದರೆ ಎರಡರ ಕೆಲಸವೂ ಕೆಡುತ್ತದೆ.

ಮೊದಲೆಲ್ಲ ಎಆರ್‌ಎಂ ಬಗೆಯ ಪ್ರೊಸೆಸರ್ ಇರುವ ಬೋರ್ಡ್‌ಗಳಿಗೆ ಇದನ್ನು ಒಂದೊಂದು ಸಿ ಫೈಲಿನಲ್ಲಿ ಬರೆದಿಡುತ್ತಿದ್ದರು. ಬೋರ್ಡ್‌ಗಳು ಜಾಸ್ತಿಯಾದಂತೆ ಫೈಲುಗಳೂ ಬೆಳೆದವು. ಈ ರಾಶಿ ನೋಡಿ 2011ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಸಿಟ್ಟಾದರು. ಆ ವಿವರ ನಿಧಾನವಾಗಿ ಡಿವೈಸ್ ಟ್ರೀಗೆ, ಅಂದರೆ ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ಬೇರೆಯೇ ಫೈಲಿಗೆ, ಹೋಯಿತು. ಲಿನಸ್ ವಾಲೇಯ್ ಬರೆದ ಪಿನ್‌ಕಂಟ್ರೋಲ್ ವ್ಯವಸ್ಥೆ 2012ರ ಜನವರಿಯಲ್ಲಿ 3.2 ಕರ್ನಲ್ ಜೊತೆ ಬಂತು. ಪಿನ್ ಯಾರ ಕೈಲಿದೆ, ಯಾವ ಕೆಲಸದಲ್ಲಿದೆ, ಪುಲ್-ಅಪ್ (ಖಾಲಿ ಪಿನ್ನನ್ನು ಆನ್ ಮಟ್ಟದಲ್ಲಿ ಹಿಡಿದಿಡುವ ರೆಸಿಸ್ಟರ್) ಬೇಕಾ ಎಂಬ ಲೆಕ್ಕವೆಲ್ಲ ಒಂದೇ ಕಡೆ ಸೇರಿತು. ನನ್ನ ಮಟ್ಟಿಗೆ ಈ ಕಥೆಯಲ್ಲಿ ದೊಡ್ಡ ಹೆಜ್ಜೆ ಇದೇ.

ನಂಬರಿನ ತೊಡಕು ಇನ್ನೂ ಹಳೆಯದು. 2008ರಲ್ಲಿ ಸಿಸ್‌ಎಫ್‌ಎಸ್, ಅಂದರೆ ಫೈಲುಗಳ ಮೂಲಕ ಕರ್ನಲ್ ಜೊತೆ ಮಾತಾಡುವ ದಾರಿ, ಪಿನ್‌ಗಳಿಗೂ ತೆರೆಯಿತು. ಒಂದು ಫೈಲಿಗೆ 17 ಅಂತ ಬರೆದರೆ ಪಿನ್ ಕೈಗೆ ಸಿಗುತ್ತಿತ್ತು. ಬಲು ಸುಲಭ, ನಾನೂ ಅದನ್ನೇ ಕಲಿತೆ. ಆದರೆ ಆ ನಂಬರು ಇಡೀ ಸಿಸ್ಟಮ್ಮಿನ ಲೆಕ್ಕದ್ದು. ಚಿಪ್ಪಿಗೆ ಕೊಟ್ಟ ಆರಂಭದ ನಂಬರ್ ಬದಲಾದರೆ ಅದೂ ಬದಲು. ಹೊಸ ಕರ್ನಲ್‌ಗಳು ಹೀಗೆ ಹಂಚುವ ನಂಬರುಗಳನ್ನು 512ರಿಂದ ಶುರುಮಾಡುತ್ತವೆ. 512ಕ್ಕೆ 17 ಸೇರಿಸಿ, 529.

ನಮ್ಮ ಮಲೆನಾಡಿನಲ್ಲಿ ಮನೆ ನಂಬರ್ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆರೆಮನೆ, ಮೇಲಿನಮನೆ ಅಂದರೆ ಕೈ ಹಿಡಿದು ಕರೆದೊಯ್ಯುತ್ತಾರೆ. 2016ರಲ್ಲಿ 4.8 ಕರ್ನಲ್ ತಂದ ಹೊಸ ದಾರಿಯಲ್ಲಿ ಪಿನ್ನಿಗೂ ಹಾಗೆಯೇ ಹೆಸರು ಹಿಡಿದು ಹೋಗಬಹುದು. ಪ್ರೋಗ್ರಾಂ ನಿಂತರೆ ಪಿನ್ನಿನ ಹಿಡಿತವೂ ತಾನಾಗಿ ಬಿಡುತ್ತದೆ.

ಈಗ ನನ್ನ ಸ್ಕ್ರಿಪ್ಟಿನಲ್ಲಿ ನಂಬರೇ ಇಲ್ಲ. ಡಿವೈಸ್ ಟ್ರೀಯಲ್ಲಿ ಆ ಪಿನ್ನಿಗೆ ತೋಟದ ಮೋಟರಿನ ಹೆಸರಿಟ್ಟೆ. ಹಿಂಗಾರ ಬಾಡುವ ಮೊದಲೇ ನೀರು ಹರಿಯಿತು.