ಚೀಟಿಯಲ್ಲಿ ಪ್ರಧಾನಿಯ ಹೆಸರೇ ಇರಲ್ಲ, ಆದರೂ ಬ್ರಿಟನ್ನಿನ ಮತದಾರರು ನಾಯಕರನ್ನು ಯಾಕೆ ತೂಗಿ ನೋಡುತ್ತಾರೆ?

ಓದುಗರ ಪ್ರಶ್ನೆ: ಬ್ರಿಟನ್ನಿನಲ್ಲೂ ನಮ್ಮ ಹಾಗೇ ಜನ ತಮ್ಮ ಕ್ಷೇತ್ರದ ಎಂಪಿಯನ್ನು ಮಾತ್ರ ಆರಿಸುತ್ತಾರಂತೆ. ಹಾಗಿದ್ದ ಮೇಲೆ ಚುನಾವಣೆ ಬಂತೆಂದರೆ ಅಲ್ಲಿನ ಟಿವಿಯಲ್ಲಿ ಬರೀ ಪಕ್ಷದ ನಾಯಕರದ್ದೇ ಮಾತು ಯಾಕೆ? ಜನ ನಿಜವಾಗಿ ನಾಯಕನನ್ನು ನೋಡಿ ವೋಟ್ ಹಾಕುತ್ತಾರಾ?

ಉತ್ತರ: ನೋಡುತ್ತಾರೆ. ಆದರೆ ಅವನೊಬ್ಬನನ್ನೇ ನೋಡುವುದಿಲ್ಲ. ನಮ್ಮಲ್ಲಿ ಹೆಣ್ಣು ಕೊಡುವಾಗ ಹುಡುಗ ಹೇಗೆ ಅಂತ ಕೇಳುತ್ತಾರೆ, ಜೊತೆಗೆ ಮನೆತನ ಹೇಗೆ ಅಂತಲೂ ನಾಲ್ಕು ಕಡೆ ವಿಚಾರಿಸುತ್ತಾರಲ್ಲ, ಹೆಚ್ಚುಕಮ್ಮಿ ಹಾಗೇ. ಹುಡುಗ ಬಂಗಾರದಂಥವನಾದರೂ ಮನೆತನ ಸರಿಯಿಲ್ಲ ಅಂತ ಸಂಬಂಧ ಬೇಡ ಅಂದದ್ದುಂಟು. ಮನೆ ಚೆನ್ನಾಗಿದ್ದರೂ ಹುಡುಗನ ಒಂದು ಮಾತಿನಿಂದ ಮನಸ್ಸು ಮುರಿದದ್ದೂ ಉಂಟು. ಬ್ರಿಟನ್ನಿನ ಚುನಾವಣೆಗಳಲ್ಲಿ ಎರಡೂ ಆಗಿವೆ.

ಮೊದಲು ಮತಗಟ್ಟೆಯೊಳಗೆ ಹೋಗೋಣ. ಅಲ್ಲಿ ಇವತ್ತಿಗೂ ಮತಯಂತ್ರ ಇಲ್ಲ. ಚರ್ಚಿನ ಹಾಲ್, ಶಾಲೆ, ಲೈಬ್ರರಿ, ಕೆಲವು ಕಡೆ ಪಬ್ಬಿನಲ್ಲೂ ಮತಗಟ್ಟೆ ಇರುತ್ತದೆ. ಮರೆ ಮಾಡಿದ ಪುಟ್ಟ ಗೂಡಿನಲ್ಲಿ ಒಂದು ಪೆನ್ಸಿಲ್, ಎಷ್ಟೋ ಸಲ ಅದಕ್ಕೊಂದು ದಾರ ಕಟ್ಟಿರುತ್ತದೆ. ಕೈಗೆ ಕೊಟ್ಟ ಕಾಗದದಲ್ಲಿ ಆ ಕ್ಷೇತ್ರದ ಅಭ್ಯರ್ಥಿಗಳ ಹೆಸರು, ಪಕ್ಷ, ಚಿಹ್ನೆ. ಬೇಕಾದವರ ಮುಂದಿನ ಚೌಕದಲ್ಲಿ ಒಂದು ಇಂಟು ಮಾರ್ಕ್ ಹಾಕಿ, ಮಡಚಿ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. 1970ರ ಚುನಾವಣೆಗೂ ಮುಂಚೆ ಪಕ್ಷದ ಹೆಸರು ಕೂಡ ಆ ಚೀಟಿಯಲ್ಲಿ ಇರುತ್ತಿರಲಿಲ್ಲ.

2024ರ ಜುಲೈ 4ರ ಸಾರ್ವತ್ರಿಕ ಚುನಾವಣೆಯಲ್ಲಿ ಲೇಬರ್ ಪಕ್ಷದ ನಾಯಕ ಕೀರ್ ಸ್ಟಾರ್ಮರ್ ಅವರ ಹೆಸರು ಇದ್ದದ್ದು 650 ಕ್ಷೇತ್ರಗಳ ಪೈಕಿ ಒಂದೇ ಒಂದರ ಚೀಟಿಯಲ್ಲಿ, ಲಂಡನ್ನಿನ ಹೋಲ್ಬರ್ನ್ ಅಂಡ್ ಸೇಂಟ್ ಪ್ಯಾಂಕ್ರಸ್‌ನಲ್ಲಿ. ಅಲ್ಲಿ 2019ರಲ್ಲಿ ಅವರಿಗೆ 36 ಸಾವಿರಕ್ಕೂ ಜಾಸ್ತಿ ವೋಟ್ ಬಿದ್ದಿತ್ತು. 2024ರಲ್ಲಿ ಬಿದ್ದದ್ದು 19 ಸಾವಿರಕ್ಕಿಂತ ಕಮ್ಮಿ. ಸ್ವಂತ ಕ್ಷೇತ್ರದಲ್ಲಿ ವೋಟ್ ಸುಮಾರು ಅರ್ಧಕ್ಕೆ ಇಳಿದ ದಿನವೇ ಅವರು ಪ್ರಧಾನಿಯಾಗುವಷ್ಟು ದೊಡ್ಡ ಬಹುಮತ ಗೆದ್ದರು. ಯಾಕೆಂದರೆ ನಮ್ಮ ಲೋಕಸಭೆಯಂಥ ಕಾಮನ್ಸ್ ಸಭೆಯಲ್ಲಿ ಬಹುಮತ ಯಾರ ಹಿಂದಿದೆಯೋ ಅವರನ್ನು ಅರಸರು ಸರ್ಕಾರ ಮಾಡಲು ಕರೆಯುತ್ತಾರೆ. ಬೇರೆ ಊರಿನಲ್ಲಿ ಲೇಬರ್ ಅಭ್ಯರ್ಥಿಗೆ ಇಂಟು ಹಾಕಿದವರೆಲ್ಲ ಸ್ಟಾರ್ಮರ್ ಹೆಸರಿಲ್ಲದ ಚೀಟಿಯಲ್ಲೇ ಅವರನ್ನು ಪ್ರಧಾನಿ ಮಾಡಿದರು.

ನಾಯಕರನ್ನು ತೂಗಲು ಇನ್ನೊಂದು ಕಾರಣವೂ ಇದೆ. ಥೆರೇಸಾ ಮೇ, ಬೋರಿಸ್ ಜಾನ್ಸನ್, ಲಿಜ್ ಟ್ರಸ್, ರಿಷಿ ಸುನಕ್. ಕನ್ಸರ್ವೇಟಿವ್ ಪಕ್ಷದ ಈ ನಾಲ್ವರೂ ಮೊದಲ ಸಲ ಪ್ರಧಾನಿಯಾದದ್ದು ಸಾರ್ವತ್ರಿಕ ಚುನಾವಣೆ ಇಲ್ಲದೆ, ಪಕ್ಷದೊಳಗಿನ ಆಯ್ಕೆಯಿಂದ. ಟ್ರಸ್ ಅವರ ಕಾಲ 49 ದಿನ. ಅಷ್ಟರಲ್ಲೇ ಮನೆಸಾಲದ ಬಡ್ಡಿ ಏರಿ ಸಾಮಾನ್ಯ ಜನ ಕಂಗಾಲಾದರು. ಡೌನಿಂಗ್ ಸ್ಟ್ರೀಟಿನ ಹತ್ತನೇ ನಂಬರ್ ಮನೆಯೊಳಗೆ, ಅಂದರೆ ಪ್ರಧಾನಿಯ ನಿವಾಸದೊಳಗೆ, ಯಾರು ಕೂರುತ್ತಾರೆ ಅನ್ನುವುದು ತಮ್ಮ ತಿಂಗಳ ಕಂತಿಗೂ ಸಂಬಂಧಪಟ್ಟದ್ದು ಅಂತ ಅವರಿಗೆ ಅನುಭವದಿಂದಲೇ ಗೊತ್ತು. ಅದನ್ನು ತಾವೇ ತೂಗಿ ನೋಡುವ ಅವಕಾಶ ಸಿಗುವುದು ಸಾರ್ವತ್ರಿಕ ಚುನಾವಣೆಯಲ್ಲಿ ಮಾತ್ರ.

ಹಾಗಾದರೆ ಏನನ್ನು ತೂಗುತ್ತಾರೆ? 2024ರದ್ದನ್ನೇ ಹತ್ತಿರದಿಂದ ನೋಡೋಣ. ಮೇ 22ರ ಸಂಜೆ ಸುನಕ್ ಡೌನಿಂಗ್ ಸ್ಟ್ರೀಟಿನಲ್ಲಿ ನಿಂತು ಚುನಾವಣೆ ಘೋಷಿಸಿದರು. ಮಳೆ ಸುರಿಯುತ್ತಿತ್ತು, ಕೊಡೆ ಇರಲಿಲ್ಲ. ಗೇಟಿನಾಚೆಯಿಂದ ಪ್ರತಿಭಟನೆಯ ಲೌಡ್‌ಸ್ಪೀಕರ್ ಹಾಡು. ಕೋಟು ತೊಯ್ದು ತೊಪ್ಪೆಯಾದರೂ ಅವರು ಭಾಷಣ ಮುಗಿಸಿಯೇ ಒಳಗೆ ಹೋದರು. ಪತ್ರಿಕೆಗಳಿಗೆ ಒಳ್ಳೆಯ ಫೋಟೋ ಸಿಕ್ಕಿತು. ಆದರೆ ಮಳೆಯಲ್ಲಿ ನೆನೆದರು ಅಂತ ಯಾರೂ ವೋಟ್ ಬದಲಿಸಿರಲಾರರು.

ಜೂನ್ 6ರಂದು ಆದದ್ದು ಬೇರೆ. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದ ಡಿ-ಡೇಗೆ 80 ವರ್ಷ ತುಂಬಿದ ಸ್ಮರಣೆ ಅಲ್ಲೇ ನಡೆಯಿತು. ಆವತ್ತು ಆ ಕಡಲತೀರದಲ್ಲಿ ಹೋರಾಡಿದವರಲ್ಲಿ ಬದುಕಿದ್ದವರು ಗಾಲಿಕುರ್ಚಿಯಲ್ಲಿ ಬಂದಿದ್ದರು. ಸುನಕ್ ಬೆಳಗಿನ ಕಾರ್ಯಕ್ರಮಕ್ಕೆ ಹೋಗಿ, ಮಧ್ಯಾಹ್ನ ಬೇರೆ ದೇಶಗಳ ನಾಯಕರು ಸೇರುವ ಮುಂಚೆಯೇ ಬ್ರಿಟನ್ನಿಗೆ ವಾಪಸಾದರು. ಬಂದು ಟಿವಿ ಸಂದರ್ಶನ ಕೊಟ್ಟರು. ಮರುದಿನ ಕ್ಷಮೆ ಕೇಳಿದರು. ಅದೇ ಸಂದರ್ಶನದಲ್ಲಿ, ಚಿಕ್ಕವರಿದ್ದಾಗ ನಿಮಗೆ ಏನು ಸಿಗಲಿಲ್ಲ ಅಂತ ಕೇಳಿದ್ದಕ್ಕೆ ದುಡ್ಡು ಕೊಟ್ಟು ನೋಡುವ ಸ್ಕೈ ಟಿವಿ ಇರಲಿಲ್ಲ ಅಂದಿದ್ದರು.

ಸುನಕ್ ಬೆಂಗಳೂರಿನ ಅಳಿಯ. ನಾರಾಯಣಮೂರ್ತಿ ಮತ್ತು ಸುಧಾ ಮೂರ್ತಿ ಅವರ ಮಗಳು ಅಕ್ಷತಾ ಅವರನ್ನು 2009ರಲ್ಲಿ ಮದುವೆಯಾದರು. ನಮಗೆ ಅದು ಅಭಿಮಾನದ ವಿಷಯ. ಆದರೆ ಅಲ್ಲಿನ ಎಷ್ಟೋ ಮತದಾರರ ಮನಸ್ಸಿನಲ್ಲಿ ಒಂದು ಅನುಮಾನ ಮೊದಲೇ ಇತ್ತು. ಇಷ್ಟು ಶ್ರೀಮಂತರಿಗೆ ನಮ್ಮ ಕಷ್ಟ, ನಮ್ಮ ಭಾವನೆ ಅರ್ಥವಾಗುತ್ತದಾ? ನಾರ್ಮಂಡಿಯ ಘಟನೆ ಆ ಅನುಮಾನಕ್ಕೆ ಸರಿಯಾಗಿ ಹೋಗಿ ಕೂತಿತು. ನಾಯಕರ ತಪ್ಪುಗಳ ವಿಷಯದಲ್ಲಿ ನನಗೆ ಕಂಡದ್ದು ಇದೇ. ಜನ ಎಲ್ಲ ತಪ್ಪನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲೇ ಇದ್ದ ಅನುಮಾನಕ್ಕೆ ಸಾಕ್ಷಿಯಾಗಿ ಬಂದ ತಪ್ಪನ್ನು ಮಾತ್ರ ಮರೆಯುವುದಿಲ್ಲ. ಹಾಗಂತ ಕನ್ಸರ್ವೇಟಿವ್ ಪಕ್ಷ 121 ಸ್ಥಾನಕ್ಕೆ ಕುಸಿದದ್ದಕ್ಕೆ ಆ ಒಂದು ಮಧ್ಯಾಹ್ನವೇ ಕಾರಣ ಅನ್ನುವುದೂ ಸರಿಯಲ್ಲ. 14 ವರ್ಷದ ಆಡಳಿತದ ಬೇಸರ, ಆಸ್ಪತ್ರೆಗಳ ಮುಂದೆ ಬೆಳೆದ ಕಾಯುವ ಸಾಲು, ಏರಿದ ಬೆಲೆ, ಎಲ್ಲ ಸೇರಿತ್ತು.

ಈಗ ಉಲ್ಟಾ ಉದಾಹರಣೆ. 1945ರ ಮೇ ತಿಂಗಳಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಚರ್ಚಿಲ್ ಅವರನ್ನು ಮೆಚ್ಚಿದವರು ಶೇ 83. ಯುದ್ಧ ಗೆದ್ದುಕೊಟ್ಟವರು, ಹೋದಲ್ಲೆಲ್ಲ ಜನಸಾಗರ. ಜುಲೈನಲ್ಲಿ ಫಲಿತಾಂಶ ಬಂದಾಗ ಲೇಬರ್ 393 ಸ್ಥಾನ ಗೆದ್ದಿತ್ತು. ಜನರಿಗೆ ಚರ್ಚಿಲ್ ಮೇಲೆ ಸಿಟ್ಟಿರಲಿಲ್ಲ. ಅವರ ಪಕ್ಷದ ಕೈಗೆ ಮನೆ, ಕೆಲಸ, ವೈದ್ಯರ ಖರ್ಚನ್ನು ಮತ್ತೆ ಕೊಡಲು ಮನಸ್ಸಿರಲಿಲ್ಲ. 1930ರ ದಶಕದ ನಿರುದ್ಯೋಗ ಯಾರಿಗೂ ಮರೆತಿರಲಿಲ್ಲ. ಪ್ರಚಾರದಲ್ಲಿ ಚರ್ಚಿಲ್ ರೇಡಿಯೋದಲ್ಲಿ, ಸಮಾಜವಾದಿ ಸರ್ಕಾರಕ್ಕೆ ಗೆಸ್ಟಪೋ (ಹಿಟ್ಲರನ ಗುಪ್ತ ಪೊಲೀಸ್) ಥರದ್ದೇನೋ ಬೇಕಾಗುತ್ತದೆ ಅಂದುಬಿಟ್ಟರು. ಐದು ವರ್ಷ ತಮ್ಮದೇ ಯುದ್ಧ ಸಂಪುಟದಲ್ಲಿ ಕೆಲಸ ಮಾಡಿದ ಲೇಬರ್ ನಾಯಕ ಆಟ್ಲಿಯವರ ಪಕ್ಷದ ಬಗ್ಗೆ ಆಡಿದ ಮಾತು ಅದು. ಮರುದಿನ ಆಟ್ಲಿ ಸಮಾಧಾನವಾಗಿ ಉತ್ತರ ಕೊಟ್ಟರು: ಒಗ್ಗಟ್ಟಾದ ದೇಶದ ಯುದ್ಧನಾಯಕ ಚರ್ಚಿಲ್ ಬೇರೆ, ಕನ್ಸರ್ವೇಟಿವ್ ಪಕ್ಷದ ನಾಯಕ ಚರ್ಚಿಲ್ ಬೇರೆ, ಆ ವ್ಯತ್ಯಾಸ ಜನರಿಗೆ ಈಗ ಕಂಡಿತು ಅನ್ನುವ ಅರ್ಥದಲ್ಲಿ. ಮಾತು ಕಮ್ಮಿ, ತೂಕ ಜಾಸ್ತಿ. ನನಗೆ ಬಹಳ ಇಷ್ಟವಾದ ಉತ್ತರ ಅದು.

1979ರಲ್ಲೂ ಹೀಗೇ. ವೈಯಕ್ತಿಕ ಜನಪ್ರಿಯತೆಯಲ್ಲಿ ಆಗಿನ ಪ್ರಧಾನಿ, ಲೇಬರ್ ಪಕ್ಷದ ಕ್ಯಾಲಹನ್ ಮುಂದಿದ್ದರು, ಗೆದ್ದದ್ದು ಥ್ಯಾಚರ್ ಅವರ ಕನ್ಸರ್ವೇಟಿವ್ ಪಕ್ಷ.

ಟಿವಿ ಚರ್ಚೆಗಳಿಂದ ಎಷ್ಟು ಫಲ ಅಂತಲೂ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಪಕ್ಷದ ನಾಯಕರು ಎದುರುಬದುರು ನಿಂತು ಟಿವಿಯಲ್ಲಿ ಚರ್ಚೆ ಮಾಡಿದ್ದು 2010ರಲ್ಲೇ ಮೊದಲು. ಲಿಬರಲ್ ಡೆಮಾಕ್ರಾಟ್ ನಾಯಕ ನಿಕ್ ಕ್ಲೆಗ್ ಕ್ಯಾಮೆರಾವನ್ನೇ ನೋಡುತ್ತಾ, ಪ್ರಶ್ನೆ ಕೇಳಿದವರ ಹೆಸರು ಹಿಡಿದು ಉತ್ತರಿಸಿದರು. ರಾತ್ರೋರಾತ್ರಿ ಸಮೀಕ್ಷೆಗಳಲ್ಲಿ ಮೇಲೇರಿದರು. ಎಣಿಕೆಯ ದಿನ ಅವರ ಪಕ್ಷದ ಸ್ಥಾನ ಹಿಂದಿನ ಚುನಾವಣೆಯ 62ರಿಂದ 57ಕ್ಕೆ ಇಳಿಯಿತು. ಚರ್ಚೆಗೆ ಬಾರದೇ ಇರುವುದೂ ಕಷ್ಟವೇ. 2017ರಲ್ಲಿ ಥೆರೇಸಾ ಮೇ ಗಟ್ಟಿ ನಾಯಕತ್ವ ಅನ್ನುವುದನ್ನೇ ಪ್ರಚಾರದ ಮಂತ್ರ ಮಾಡಿಕೊಂಡು, ಬಿಬಿಸಿ ಚರ್ಚೆಗೆ ಗೃಹ ಸಚಿವೆ ಆಂಬರ್ ರಡ್ ಅವರನ್ನು ಕಳಿಸಿದರು. ವಯಸ್ಸಾದವರ ಆರೈಕೆಯ ಖರ್ಚಿಗೆ ಅವರ ಮನೆಯ ಬೆಲೆಯನ್ನೂ ಲೆಕ್ಕ ಹಿಡಿಯುವ ಪ್ರಣಾಳಿಕೆಯ ಮಾತನ್ನು ನಾಲ್ಕೇ ದಿನದಲ್ಲಿ ಬದಲಿಸಿ, ಏನೂ ಬದಲಾಗಿಲ್ಲ ಅಂದರು. ಗಟ್ಟಿ ಅಂತ ಹೇಳಿಕೊಂಡವರು ಅಲುಗಾಡಿದ್ದು ಜನರಿಗೆ ಕಂಡಿತು. ಇದ್ದ ಬಹುಮತವೂ ಹೋಯಿತು.

ನಾಯಕನ ಹೆಸರಿಗೆ ಬಿದ್ದ ವೋಟ್ ಸ್ಥಾನವಾಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. 2024ರಲ್ಲಿ ನೈಜೆಲ್ ಫರಾಜ್ ಪ್ರಚಾರದ ಮಧ್ಯೆ ರಿಫಾರ್ಮ್ ಪಕ್ಷದ ನಾಯಕರಾಗಿ ಬಂದರು. ಪಕ್ಷಕ್ಕೆ ಶೇ 14 ವೋಟ್, 5 ಸ್ಥಾನ. ಲಿಬರಲ್ ಡೆಮಾಕ್ರಾಟರಿಗೆ ಶೇ 12 ವೋಟ್, 72 ಸ್ಥಾನ. ಅವರ ನಾಯಕ ಎಡ್ ಡೇವಿ ವಿಂಡರ್‌ಮಿಯರ್ ಸರೋವರದಲ್ಲಿ ಹಲಗೆ ಮೇಲೆ ನಿಂತು ಹುಟ್ಟು ಹಾಕುತ್ತಾ ನೀರಿಗೆ ಬಿದ್ದದ್ದು ಎಲ್ಲರಿಗೂ ನೆನಪಿದೆ. ನದಿ, ಕೆರೆಗೆ ಕೊಳಚೆ ಬಿಡುವುದನ್ನು ನಿಲ್ಲಿಸಬೇಕು ಅನ್ನುವುದು ಅವರ ವಿಷಯ. ಅಂಗವಿಕಲ ಮಗನ ಆರೈಕೆಯ ಬಗ್ಗೆ ಅವರು ಮಾಡಿದ ವಿಡಿಯೋ ಬಹಳ ಜನರ ಮನಸ್ಸಿಗೆ ತಟ್ಟಿತು. ಆದರೆ 72 ಬಂದದ್ದು ಗೆಲ್ಲಬಹುದಾದ ಕ್ಷೇತ್ರಗಳಲ್ಲೇ ಬೇರೂರಿ ಕೆಲಸ ಮಾಡಿದ್ದರಿಂದ. ಫರಾಜ್ ಅವರ ವೋಟ್ ದೇಶವಿಡೀ ಚದುರಿಹೋಯಿತು.

ಇದು ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೂ ನೇರ ಸಂಬಂಧಪಟ್ಟ ವಿಷಯ. ಓದಲು, ಕೆಲಸಕ್ಕೆ ಹೋದ ಎಷ್ಟೋ ಮಂದಿಗೆ ಗೊತ್ತೇ ಇಲ್ಲ: ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಸರಿಯಾದ ವೀಸಾದ ಮೇಲೆ ಅಲ್ಲಿ ವಾಸವಿರುವ 18 ತುಂಬಿದ ಭಾರತೀಯರು ಬ್ರಿಟಿಷ್ ಪೌರತ್ವ ಇಲ್ಲದೆಯೂ ಸಾರ್ವತ್ರಿಕ ಚುನಾವಣೆಯಲ್ಲಿ ವೋಟ್ ಹಾಕಬಹುದು. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಿಮ್ಮ ಮಗನೋ ಮಗಳೋ ಅಲ್ಲಿದ್ದರೆ ಫೋನ್ ಮಾಡಿದಾಗ ಹೇಳಿ.

ಪ್ರಚಾರದ ವೇಳೆ ಮನೆ ಬಾಗಿಲ ಸಂದಿಯಿಂದ ಬೀಳುವ ಕರಪತ್ರಗಳನ್ನು ಎಸೆಯುವ ಮುಂಚೆ ಒಂದು ಸಲ ನೋಡಲಿ. ನಾಯಕರಿಗೆ ಒಳ್ಳೆ ಹೆಸರಿದ್ದರೆ ಅವರ ಫೋಟೋ ದೊಡ್ಡದಾಗಿ ಇರುತ್ತದೆ. ಹೆಸರು ಕೆಟ್ಟಿದ್ದರೆ ಫೋಟೋ ಇರುವುದಿಲ್ಲ, ಸ್ಥಳೀಯ ಅಭ್ಯರ್ಥಿ ಒಬ್ಬರೇ ಊರಿನ ಬಸ್ ಸ್ಟಾಪಿನ ಪಕ್ಕ ನಿಂತು ನಗುತ್ತಿರುತ್ತಾರೆ. ಮತದಾನ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ, ಹಾಗಾಗಿ ಕೆಲಸ ಮುಗಿಸಿಯೂ ಹೋಗಬಹುದು. ಫೋಟೋ ಇರುವ ಗುರುತಿನ ದಾಖಲೆ ಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.